ನೈಟ್ ಡ್ಯೂಟಿ ಮುಗಿಸಿ ಹೊರಟ ಗೆಳತಿ ಮನೆ ಸೇರಲಿಲ್ಲ: ನಮ್ಮಂಥ ಸಿಸ್ಟರ್‌ಗಳು ಯಾವ ವಿಮೆ ಮಾಡಿಸಬೇಕು?

ಹೊಸದುರ್ಗದ ಸಿಸ್ಟರ್:
ಎಲ್ಲರಿಗೂ ನಮಸ್ಕಾರ. ನನಗೆ 31 ವರ್ಷ. ಜಿಎನ್‌ಎಂ ನರ್ಸಿಂಗ್ ಕೋರ್ಸ್ ಮುಗಿಸಿ ಮೂರು ವರ್ಷ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದೆ. ಈಗ ಆರು ವರ್ಷದಿಂದ ತಾಲ್ಲೂಕು ಆಸ್ಪತ್ರೆಯಲ್ಲಿ ಗುತ್ತಿಗೆ ಮೇಲೆ ಸ್ಟಾಫ್ ನರ್ಸ್. ಕೈಗೆ ಬರೋದು ತಿಂಗಳಿಗೆ 19 ಸಾವಿರ ಚಿಲ್ಲರೆ. ಯಜಮಾನರು ಗೂಡ್ಸ್ ಆಟೋ ಓಡಿಸ್ತಾರೆ, ಅದರ ಸಾಲ ಇನ್ನೂ ಮೂರು ವರ್ಷ ಇದೆ. ಐದು ವರ್ಷದ ಮಗಳು, ಮನೇಲಿ ಅತ್ತೆ.

ಎರಡು ತಿಂಗಳ ಹಿಂದೆ ಹಳೇ ಆಸ್ಪತ್ರೆಯ ಗೆಳತಿ ತೀರಿಕೊಂಡಳು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಎಂಟೂವರೆಗೆ ಸ್ಕೂಟಿ ತಗೊಂಡು ಹೊರಟಿದ್ದಾಳೆ, ಬೈಪಾಸ್ ಹತ್ತಿರ ಲಾರಿ ತಾಗಿದೆ. ನಾವಿಬ್ಬರೂ ಒಂದೇ ಬ್ಯಾಚು, ಒಂದೇ ರೂಮಲ್ಲಿ ಇದ್ದವರು. ಅವಳ ಮಗನಿಗೆ ನಾಲ್ಕು ವರ್ಷ. ನಾವು ಹಳೇ ಸ್ಟಾಫ್ ಎಲ್ಲ ಸೇರಿ 62 ಸಾವಿರ ಒಟ್ಟು ಮಾಡಿ ಕೊಟ್ಟೆವು. ಅದು ಬಿಟ್ಟರೆ ಆ ಮನೆಗೆ ಬೇರೆ ಏನೂ ಬಂದಿಲ್ಲ.

ಅವತ್ತಿನಿಂದ ನನಗೆ ನಿದ್ದೆ ಸರಿಯಾಗಿ ಬರ್ತಿಲ್ಲ. ಯಜಮಾನರ ದೊಡ್ಡಪ್ಪನ ಮಗ ವಿಮೆ ಏಜೆಂಟು. ತಿಂಗಳಿಗೆ 2,300 ರೂಪಾಯಿ, ಇಪ್ಪತ್ತು ವರ್ಷ ಕಟ್ಟಿದರೆ 5 ಲಕ್ಷದ ಪಾಲಿಸಿ, ಕೊನೆಗೆ ಬೋನಸ್ ಸೇರಿ ಬರುತ್ತೆ ಅಂತಾರೆ. ಭಾನುವಾರ ಸಹಿ ಹಾಕಿಸಿಕೊಳ್ಳೋಕೆ ಬರ್ತಾರಂತೆ. ಹಾಕಲಾ? ಇನ್ನೊಂದು ಭಯ: ಹೋದ ವರ್ಷ ಐವಿ ತೆಗೆಯುವಾಗ ಸೂಜಿ ಚುಚ್ಚಿತ್ತು. ಅದನ್ನ ಫಾರಂನಲ್ಲಿ ಬರೆದರೆ ಪಾಲಿಸಿ ಕೊಡಲ್ವಾ?

ಐಸಿಯು ಬ್ರದರ್, ಬೆಂಗಳೂರು:
ಸಿಸ್ಟರ್, ನಿಮ್ಮ ಗೆಳತಿ ವಿಷಯ ಓದಿ ತುಂಬಾ ಸಂಕಟ ಆಯ್ತು. ಪಾಳಿ ಮುಗಿಸಿ ಗಾಡಿ ಮೇಲೆ ಕೂತಾಗ ಕಣ್ಣು ಹೇಗೆ ಎಳೆಯುತ್ತೆ ಅಂತ ನಮಗೆಲ್ಲ ಗೊತ್ತು.

ಭಾನುವಾರ ಸಹಿ ಹಾಕಬೇಡಿ. 2,300ರ ಲೆಕ್ಕದಲ್ಲಿ ವರ್ಷಕ್ಕೆ 27,600 ಕಟ್ತೀರಿ. ನಾಳೆ ನಿಮಗೇನಾದರೂ ಆದರೆ ಮನೆಗೆ ಬರೋದು 5 ಲಕ್ಷ, ಸ್ವಲ್ಪ ಬೋನಸ್. ಆಟೋ ಸಾಲ ತೀರಿಸಿದರೆ ಮಗಳಿಗೆ ಏನು ಉಳಿಯುತ್ತೆ? 5 ಲಕ್ಷ ಅಂದರೆ ನಿಮ್ಮ ಎರಡು ವರ್ಷದ ಸಂಬಳಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೆ.

ಟರ್ಮ್ ಪಾಲಿಸಿ ಅಂತ ಇದೆ. ಕಟ್ಟಿದ ಹಣ ವಾಪಸ್ ಬರಲ್ಲ, ಬದುಕಿದ್ದರೆ ಏನೂ ಸಿಗಲ್ಲ. ಅವಧಿಯೊಳಗೆ ಸತ್ತರೆ ಮಾತ್ರ ದೊಡ್ಡ ಮೊತ್ತ. ನಾನು 29ರಲ್ಲಿ 50 ಲಕ್ಷಕ್ಕೆ ಮಾಡಿಸಿದೆ, ವರ್ಷಕ್ಕೆ ಏಳು ಸಾವಿರದೊಳಗೆ ಆಗುತ್ತೆ. ಹೆಂಗಸರಿಗೆ ಕಂತು ಇನ್ನೂ ಕಡಿಮೆ. ಮೊದಲು ಇದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆಗೆ ಅದನ್ನ ಪೂರ್ತಿ ತೆಗೆದಿದ್ದಾರೆ.

ಉಳಿಸಬೇಕು ಅಂತಿದ್ದರೆ ಉಳಿದ ದುಡ್ಡನ್ನ ಮಗಳ ಹೆಸರಲ್ಲಿ ಪೋಸ್ಟ್ ಆಫೀಸಿನ ಸುಕನ್ಯಾ ಸಮೃದ್ಧಿಗೆ ಹಾಕಿ. ಉಳಿತಾಯ ಬೇರೆ, ವಿಮೆ ಬೇರೆ. ಎರಡನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿದರೆ ಎರಡೂ ಅರೆಬೆಂದ ಹಾಗೇ.

22 ವರ್ಷ ಅನುಭವದ ಏಜೆಂಟ್, ಹಾಸನ:
ಬ್ರದರ್ ಹೇಳಿದ ಲೆಕ್ಕ ಸರಿ ಇದೆ, ಒಪ್ಪುತ್ತೇನೆ. ಆದರೆ ಒಂದು ಮಾತು ಸೇರಿಸಲೇಬೇಕು. ನಾನು ಇದೇ ಕೆಲಸದಲ್ಲಿರುವವನು. ಟರ್ಮ್ ಮಾಡಿಸಿ ಎರಡನೇ ವರ್ಷಕ್ಕೇ ಕಂತು ನಿಲ್ಲಿಸಿದವರನ್ನ ಬಹಳ ನೋಡಿದ್ದೇನೆ. "ವಾಪಸ್ ಬರಲ್ವಲ್ಲ" ಅನ್ನೋ ಯೋಚನೆ ಬಂದ ತಿಂಗಳು ಕೈ ತಡೆಯುತ್ತೆ. ಉಳಿತಾಯದ ಪಾಲಿಸಿ ಅಂದರೆ ಹೇಗಾದರೂ ಹೊಂದಿಸಿ ಕಟ್ಟುತ್ತಾರೆ. ನಮ್ಮ ಹಳ್ಳಿ ಕಡೆ ಎಷ್ಟೋ ಹೆಣ್ಣುಮಕ್ಕಳ ಮದುವೆ ಆಗಿರೋದು ಆ ದುಡ್ಡಿನಲ್ಲೇ. ಹಾಗಾಗಿ ಅದನ್ನ ಪೂರ್ತಿ ತೆಗೆದುಹಾಕೋದು ನನಗೆ ಒಪ್ಪಿಗೆ ಇಲ್ಲ.

ಆದರೂ ಈ ತಂಗಿಗೆ ಮೊದಲು ಬೇಕಾದದ್ದು ಟರ್ಮೇ. ಕಷ್ಟ ಎಲ್ಲಿ ಅಂದರೆ, ವರ್ಷಕ್ಕೆ ಎರಡೂಕಾಲು ಲಕ್ಷ ಆದಾಯ ಇರುವವರಿಗೆ 50 ಲಕ್ಷ ಕೊಡೋಕೆ ಕೆಲವು ಕಂಪನಿ ಹಿಂದೆ ಮುಂದೆ ನೋಡ್ತವೆ. ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಗುತ್ತಿಗೆ ನವೀಕರಣದ ಆದೇಶ ಎಲ್ಲ ಕೇಳ್ತಾರೆ. ಸಿಗದೇ ಹೋದರೆ ಸರಳ್ ಜೀವನ್ ಬಿಮಾ ಅಂತ ಕೇಳಿ. 2021ರ ಜನವರಿ 1ರಿಂದ ಎಲ್ಲ ಜೀವ ವಿಮಾ ಕಂಪನಿಗಳೂ ಇದನ್ನ ಮಾರಲೇಬೇಕು ಅಂತ ವಿಮೆ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ನಿಯಮ ಮಾಡಿತು. 5ರಿಂದ 25 ಲಕ್ಷದವರೆಗೆ ಸಿಗುತ್ತೆ. ಯಾವ ಕೆಲಸ, ಎಷ್ಟು ಓದಿದ್ದೀರಿ, ಎಲ್ಲಿ ಇದ್ದೀರಿ ಅನ್ನೋದರ ಮೇಲೆ ಇಲ್ಲ ಅನ್ನೋ ಹಾಗಿಲ್ಲ. ಷರತ್ತುಗಳೂ ಎಲ್ಲ ಕಂಪನಿಗೂ ಒಂದೇ. ಮೊದಲ 45 ದಿನ ಅಪಘಾತದ ಸಾವಿಗೆ ಮಾತ್ರ ರಕ್ಷಣೆ, ಅದು ನೆನಪಿರಲಿ. ಆಯಾಗಳು, ಗ್ರೂಪ್ ಡಿ ಸಿಬ್ಬಂದಿ, ಆಂಬ್ಯುಲೆನ್ಸ್ ಚಾಲಕರಿಗೆಲ್ಲ ನಾನು ಇದನ್ನೇ ಹೇಳೋದು.

ಆ ನಿಮ್ಮ ಸಂಬಂಧಿಕರಿಗೆ ಮುಖ ಮುರಿಯೋದು ಕಷ್ಟ ಅಂತ ಗೊತ್ತು. "ಟರ್ಮ್ ಇದ್ದರೆ ನೀವೇ ಮಾಡಿಕೊಡಿ" ಅಂತ ಅವರಿಗೇ ಹೇಳಿ ನೋಡಿ. ಅಕಸ್ಮಾತ್ ಸಹಿ ಹಾಕಿಬಿಟ್ಟಿದ್ದರೂ ಬಾಂಡ್ ಕೈಗೆ ಬಂದ 30 ದಿನದೊಳಗೆ ಬೇಡ ಅಂತ ಬರೆದುಕೊಟ್ಟು ವಾಪಸ್ ಮಾಡಬಹುದು.

ನಿವೃತ್ತ ಸೂಪರಿಂಟೆಂಡೆಂಟ್ ಅಕ್ಕ, ಧಾರವಾಡ:
ತಂಗಿ, ನಿನ್ನ ಪಾಲಿಸಿ ಮಾತು ಆಮ್ಯಾಲೆ ನೋಡೋಣ. ಮೊದಲು ಆ ತೀರಿಕೊಂಡ ಹುಡುಗಿ ವಿಷಯ ಹೇಳು. ಆಕಿ ಪಗಾರದಾಗ ಪಿಎಫ್ ಕಟ್ ಆಗ್ತಿತ್ತೇನು? ಆಗ್ತಿತ್ತಂದ್ರ ಆಕಿಗೆ ವಿಮೆ ಇತ್ತು. ಆಕಿಗೇ ಗೊತ್ತಿದ್ದಿಲ್ಲ, ಅಷ್ಟ.

ಇಡಿಎಲ್‌ಐ ಅಂತಾರ ಅದಕ್ಕ. 1976ರಿಂದ ಐತಿ. ಪಿಎಫ್ ಇದ್ದ ಪ್ರತಿಯೊಬ್ಬರಿಗೂ ತಾನಾಗೇ ಬರ್ತದ. ನಮ್ಮ ಪಗಾರದಿಂದ ಒಂದು ರೂಪಾಯಿ ಹಿಡಿಯಂಗಿಲ್ಲ, ಕಂತು ಆಸ್ಪತ್ರೆಯವರೇ ಕಟ್ತಾರ. ಸೇವೆಯೊಳಗ ಇದ್ದಾಗ ಸತ್ತರ ಸಾಕು, ಅಪಘಾತ ಆಗಲಿ ಜಡ್ಡಾಗಲಿ, 7 ಲಕ್ಷದ ತನಕ ಬರ್ತದ. ನಾನು 34 ವರ್ಷ ಸೇವಾ ಮಾಡೀನಿ, ಕಡೀಕೆ ಐದು ವರ್ಷ ಒಂದು ಖಾಸಗಿ ಆಸ್ಪತ್ರೆಯೊಳಗ ನರ್ಸಿಂಗ್ ವಿಭಾಗ ನೋಡಿಕೊಂಡೆ. ಅಲ್ಲಿ ಒಬ್ಬ ಸಿಸ್ಟರ್ ತೀರಿದಾಗ ಯಾರೂ ಆ ಮನಿಯವರಿಗೆ ಇದನ್ನ ಹೇಳಲಿಲ್ಲ. ಮೂರು ವರ್ಷದ ಮ್ಯಾಲೆ ಆಕಿ ಗಂಡ ಪಿಎಫ್ ದುಡ್ಡು ಕೇಳಾಕ ಬಂದಾಗ ಗೊತ್ತಾತು. ಆ ಮೂರು ವರ್ಷ ಆತ ಹುಡುಗರ ಸಾಲಿ ಫೀ ತುಂಬಾಕ ಬಡ್ಡಿ ಸಾಲ ಮಾಡಿದ್ದ. ನನಗ ಈಗಲೂ ಅದು ಹೊಟ್ಯಾಗ ಉರೀತದ. ನಾನೂ ಅವಾಗ ಕೇಳಬೇಕಿತ್ತು.

ನಾವು ಸರ್ಕಾರಿ ಕಾಯಂ ನೌಕರರಿಗೆ ಕೆಜಿಐಡಿ ಅನ್ನೋ ಸರ್ಕಾರಿ ವಿಮೆ ಇತ್ತು. 1891ರಾಗ ಮೈಸೂರು ಸಂಸ್ಥಾನದಾಗ ಶುರುವಾದದ್ದು. ಸೇವೆಗೆ ಸೇರಿದ ಕೂಡಲೇ ಕಡ್ಡಾಯ, ಪಗಾರದಾಗೇ ಕಟ್ ಆಗ್ತದ. ಮ್ಯಾಲೆ ಅನುಕಂಪದ ನೌಕರಿ ಐತಿ, ಕುಟುಂಬಕ್ಕ ಒಂದಿಷ್ಟು ಆಧಾರ ಐತಿ. ಅದೇ ವಾರ್ಡಿನಾಗ, ಅದೇ ರೋಗಿ ಮುಂದ ನಿಂತು ಕೆಲಸ ಮಾಡೋ ಗುತ್ತಿಗೆ ಹುಡುಗಿಗೆ ಅದ್ಯಾವುದೂ ಇಲ್ಲ. ಒಂದೇ ಸೂಜಿ, ಒಂದೇ ರಕ್ತ, ಆದರ ಮನಿಗೆ ಹೋಗೋ ರೊಕ್ಕ ಬ್ಯಾರೆ ಬ್ಯಾರೆ. ಇದು ನ್ಯಾಯ ಅಲ್ಲ ಅಂತ ನಾನು ಎಲ್ಲಾ ಮೀಟಿಂಗಿನಾಗೂ ಹೇಳೀನಿ.

ಹೊಸದುರ್ಗದ ಸಿಸ್ಟರ್:
ಅಕ್ಕ, ನಿಮ್ಮ ಮಾತು ಓದಿ ಕೂಡಲೇ ಅವಳ ಯಜಮಾನರಿಗೆ ಫೋನ್ ಮಾಡಿದೆ. ಪಿಎಫ್ ಇತ್ತಂತೆ! ಬೀರುವಿನಲ್ಲಿ ಪೇ ಸ್ಲಿಪ್ ಸಿಕ್ಕಿದೆ. ಬೇಸಿಕ್ 13,000, ಒಟ್ಟು 17,500. ಇಎಸ್‌ಐ ಅಂತಲೂ ಕಟ್ ಆಗಿದೆ. ಆಸ್ಪತ್ರೆಯವರು "ಪಿಎಫ್ ಸೆಟ್ಲ್‌ಮೆಂಟ್ ಫಾರಂ ಕೊಡ್ತೀವಿ" ಅಂದಿದ್ದರಂತೆ, ವಿಮೆ ಸುದ್ದಿ ಎತ್ತಿಲ್ಲ. ಆದರೆ ನಾಮಿನಿ ಜಾಗದಲ್ಲಿ ಅವಳ ಅಪ್ಪನ ಹೆಸರಿದೆ. ಕೆಲಸಕ್ಕೆ ಸೇರುವಾಗ ಮದುವೆ ಆಗಿರಲಿಲ್ಲ. ಅಪ್ಪನೂ ಹೋದ ವರ್ಷ ತೀರಿಕೊಂಡರು. ಈಗ ಏನು ಮಾಡೋದು?

ಪಿಎಫ್ ಕೆಲಸದವನು, ದಾವಣಗೆರೆ:
ನಾನು ಸಣ್ಣ ಸಂಸ್ಥೆಗಳಿಗೆ ಪಿಎಫ್, ಇಎಸ್‌ಐ ಲೆಕ್ಕ ನೋಡಿಕೊಡುವವನು. ಇದು ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ ಆ ಮನೆಯವರಿಗೂ ಕಳಿಸಿ.

ನಾಮಿನಿ ತೀರಿಹೋಗಿದ್ದರೆ ಹಣ ಮುಳುಗಲ್ಲ. ಕುಟುಂಬದ ಅರ್ಹರಿಗೆ, ಅಂದರೆ ಇಲ್ಲಿ ಗಂಡ ಮತ್ತು ಮಗನಿಗೆ ಹೋಗುತ್ತೆ. ಓಡಾಟ ಸ್ವಲ್ಪ ಜಾಸ್ತಿ ಅಷ್ಟೆ. ಮರಣ ಪ್ರಮಾಣಪತ್ರ, ಕುಟುಂಬದ ವಂಶವೃಕ್ಷ, ಮಗನ ಜನನ ಪ್ರಮಾಣಪತ್ರ, ಗಂಡನ ಮತ್ತು ಮಗನ ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೋಡಿಸಿಕೊಳ್ಳಲಿ. ಪಿಎಫ್ ಹಣಕ್ಕೆ ಫಾರಂ 20, ಪಿಂಚಣಿಗೆ 10-ಡಿ, ವಿಮೆಗೆ 5-ಐಎಫ್. ಮೂರನ್ನೂ ಒಟ್ಟಿಗೇ ಕೇಳಬೇಕು. ಬರೀ "ಪಿಎಫ್ ದುಡ್ಡು" ಅಂದರೆ ಬರೀ ಫಾರಂ 20 ಕೊಟ್ಟು ಕಳಿಸ್ತಾರೆ. ಆ ಅಕ್ಕ ಹೇಳಿದ ಮನೆಯಲ್ಲಿ ಆಗಿದ್ದೂ ಅದೇ ಇರಬೇಕು.

ವಿಮೆ ಲೆಕ್ಕ ಹೀಗೆ: ಕೊನೆಯ 12 ತಿಂಗಳ ಸರಾಸರಿ ಪಿಎಫ್ ವೇತನದ 35 ಪಟ್ಟು. ಅದರ ಮೇಲೆ ಪಿಎಫ್ ಖಾತೆಯ ಸರಾಸರಿ ಬಾಕಿಯ ಅರ್ಧ, ಅದು 1.75 ಲಕ್ಷ ಮೀರುವಂತಿಲ್ಲ. ವೇತನವನ್ನ 15,000ಕ್ಕಿಂತ ಹೆಚ್ಚು ಹಿಡಿಯಲ್ಲ, ಹಾಗಾಗಿಯೇ ಒಟ್ಟು ಮಿತಿ 7 ಲಕ್ಷ. ನಿಮ್ಮ ಗೆಳತಿಗೆ 13,000ರ 35 ಪಟ್ಟು ಅಂದರೆ 4 ಲಕ್ಷ 55 ಸಾವಿರ. ಖಾತೆಯಲ್ಲಿ ಸರಾಸರಿ 90 ಸಾವಿರ ಇದ್ದಿದ್ದರೆ ಇನ್ನೂ 45 ಸಾವಿರ. ಹತ್ತಿರ ಹತ್ತಿರ 5 ಲಕ್ಷ. ನಿಮ್ಮ ಸಂಬಂಧಿಕರು ತಿಂಗಳಿಗೆ 2,300 ಕೇಳುತ್ತಿರುವ 5 ಲಕ್ಷದಷ್ಟೇ ಮೊತ್ತ ಅವಳ ಹೆಸರಲ್ಲಿ ಆಗಲೇ ಇತ್ತು.

ಈಗ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ. ಇದು ಇನ್ನೂ ಮುಖ್ಯ. ಸಂಬಳ 21,000 ಮೀರದವರಿಗೆ ಇಎಸ್‌ಐ. ಕೆಲಸಕ್ಕೆ ಹೋಗುವಾಗ, ಕೆಲಸ ಮುಗಿಸಿ ಮನೆಗೆ ಬರುವಾಗ ಆದ ಅಪಘಾತವನ್ನೂ ಕೆಲಸದ ವೇಳೆಯ ಅಪಘಾತ ಅಂತಲೇ ಹಿಡಿಯಬೇಕು ಅಂತ ಕಾನೂನಿದೆ. ಹೊತ್ತು, ಜಾಗ, ದಾರಿ ಕೆಲಸಕ್ಕೆ ಹೊಂದಿಕೊಳ್ಳಬೇಕು. ಪಾಳಿ ಮುಗಿದ ಅರ್ಧ ಗಂಟೆಯಲ್ಲಿ ಮನೆ ದಾರಿಯಲ್ಲೇ ಆಗಿದೆ, ಇದಕ್ಕಿಂತ ಸ್ಪಷ್ಟ ಬೇರೆ ಇಲ್ಲ. ಹಾಗೆ ಸಾಬೀತಾದರೆ ಸಂಬಳದ 90 ಪರ್ಸೆಂಟ್ ಲೆಕ್ಕದಲ್ಲಿ ಅವಲಂಬಿತರ ಮಾಸಿಕ ಸೌಲಭ್ಯ ಇದೆ, ಅದರಲ್ಲಿ ಮಗನ ಪಾಲು ಅವನಿಗೆ 25 ಆಗುವವರೆಗೆ ತಿಂಗಳು ತಿಂಗಳು ಬರುತ್ತೆ. ಅಂತ್ಯಕ್ರಿಯೆಗೆ ಅಂತ 15,000 ಬೇರೆ. ಇದಕ್ಕೆ ಬೇಕಾದದ್ದು: ಎಫ್‌ಐಆರ್, ಮರಣೋತ್ತರ ಪರೀಕ್ಷೆ ವರದಿ, ಆ ರಾತ್ರಿಯ ಡ್ಯೂಟಿ ರೋಸ್ಟರ್ ಪ್ರತಿ, ಬೆಳಿಗ್ಗೆ ಪಂಚ್ ಔಟ್ ಮಾಡಿದ ಹೊತ್ತು, ಮತ್ತೆ ಆಸ್ಪತ್ರೆ ಕೊಡುವ ಅಪಘಾತ ವರದಿ. ಹಳೇ ರೋಸ್ಟರ್ ಎಸೆಯೋ ಮೊದಲು ಯಾರಾದರೂ ಹೋಗಿ ಪ್ರತಿ ತಗೊಳ್ಳಿ. ನಾಳೆನೇ ಹೋಗಿ.

ಗ್ರಾಚ್ಯುಟಿಗೂ ಅರ್ಜಿ ಹಾಕಲಿ. ಐದು ವರ್ಷ ಆಗಿರಬೇಕು ಅನ್ನೋ ನಿಯಮ ಸಾವಿಗೆ ಅನ್ವಯಿಸಲ್ಲ. ಲಾರಿಯ ವಿಮೆ ಮೇಲೆ ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಪರಿಹಾರ ಕೇಳೋದು ಬೇರೆಯೇ ದಾರಿ, ಅದಕ್ಕೆ ವಕೀಲರನ್ನ ನೋಡಿ, ತಡ ಮಾಡಬೇಡಿ.

ಐಸಿಯು ಬ್ರದರ್, ಬೆಂಗಳೂರು:
ಇದನ್ನ ಓದಿ ಈಗಷ್ಟೇ ಪಿಎಫ್‌ನ ಯುಎಎನ್ ಪೋರ್ಟಲ್‌ನಲ್ಲಿ ನನ್ನ ಖಾತೆ ತೆಗೆದು ನೋಡಿದೆ. ಇ-ನಾಮಿನೇಷನ್ ಖಾಲಿ ಇದೆ. ಒಂಬತ್ತು ವರ್ಷದ ಸರ್ವಿಸ್. ಇವತ್ತು ರಾತ್ರಿ ಹೆಂಡತಿ, ಮಗನ ಫೋಟೋ ಹಾಕಿ ಮುಗಿಸ್ತೀನಿ. ನಮ್ಮ ಯೂನಿಟ್‌ನ ಗ್ರೂಪಿಗೂ ಹಾಕ್ತಾ ಇದ್ದೀನಿ.

ಲ್ಯಾಬ್ ಟೆಕ್ನಿಷಿಯನ್, ಮಂಗಳೂರು:
ಸೂಜಿ ಚುಚ್ಚಿದ್ದರ ಬಗ್ಗೆ ಯಾರೂ ಬರೆಯಲಿಲ್ಲ, ನಾನು ಬರೀತೇನೆ. ನನಗೆ ಎರಡು ಸಲ ಚುಚ್ಚಿದೆ.

ಸಿಸ್ಟರ್, ಮುಚ್ಚಿಡಬೇಡಿ. ಫಾರಂನಲ್ಲಿ ಹೆಪಟೈಟಿಸ್, ಎಚ್‌ಐವಿ ಪರೀಕ್ಷೆ ಮಾಡಿಸಿದ್ದೀರಾ ಅಂತ ಕೇಳಿದರೆ "ಹೌದು, ಸೂಜಿ ಚುಚ್ಚಿದ್ದಕ್ಕೆ ಮಾಡಿಸಿದೆ, ನೆಗೆಟಿವ್" ಅಂತ ಬರೆದು ರಿಪೋರ್ಟ್ ಲಗತ್ತಿಸಿ. ನನಗೆ ಹಾಗೇ ಸಿಕ್ಕಿದೆ, ಹೆಚ್ಚು ಕಂತೂ ಹಾಕಲಿಲ್ಲ. ಚುಚ್ಚಿದ್ದು ರೋಗ ಅಲ್ಲ. ಮುಚ್ಚಿಟ್ಟರೆ ಮಾತ್ರ ತೊಂದರೆ. ಪಾಲಿಸಿ ಆಗಿ ಮೂರು ವರ್ಷದೊಳಗೆ ಸಾವಾದರೆ ಕಂಪನಿ ಹಳೇ ದಾಖಲೆ ಎಲ್ಲ ತೆಗೆದು ನೋಡುತ್ತದೆ. ಮೂರು ವರ್ಷ ಕಳೆದ ಮೇಲೆ ಯಾವ ಕಾರಣಕ್ಕೂ ಪಾಲಿಸಿಯನ್ನು ಪ್ರಶ್ನಿಸುವ ಹಾಗಿಲ್ಲ ಅಂತ ವಿಮಾ ಕಾಯ್ದೆಯ 45ನೇ ಕಲಮು ಇದೆ. ಆದರೆ ಮೂರು ವರ್ಷ ಬದುಕೇ ಇರ್ತೇವೆ ಅಂತ ಯಾರು ಬರೆದುಕೊಡ್ತಾರೆ? ಮೊದಲ ದಿನವೇ ಸತ್ಯ ಬರೆದರೆ ಮನೆಯವರು ನೆಮ್ಮದಿಯಲ್ಲಿರ್ತಾರೆ.

ಚುಚ್ಚಿದ ದಿನ ಏನು ಮಾಡಿದಿರಿ ಅನ್ನುವುದು ಇದಕ್ಕಿಂತ ದೊಡ್ಡ ಪ್ರಶ್ನೆ. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಇರುವ ರಕ್ತದಿಂದ ಸೋಂಕು ತಗಲುವ ಸಾಧ್ಯತೆ ನೂರಕ್ಕೆ 30ರವರೆಗೂ ಇದೆ. ಎಚ್‌ಐವಿಗೆ ಅದು ನೂರಕ್ಕೆ 0.3 ಮಾತ್ರ. ನಾವು ಹೆದರುವುದು ಎಚ್‌ಐವಿಗೆ, ಮೈಮರೆಯುವುದು ಹೆಪಟೈಟಿಸ್ ಬಿಗೆ. 0, 1, 6ನೇ ತಿಂಗಳ ಮೂರು ಡೋಸ್ ಮುಗಿಸಿ, ಲಸಿಕೆ ಹಿಡಿದಿದೆಯಾ ಅಂತ ತಿಳಿಯಲು ಟೈಟರ್ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಎಚ್‌ಐವಿ ಸಂಶಯ ಇದ್ದರೆ ಸೋಂಕು ತಡೆಯುವ ಪಿಇಪಿ ಮಾತ್ರೆ ಆದಷ್ಟು ಬೇಗ, 72 ಗಂಟೆ ಮೀರದ ಹಾಗೆ ಶುರು ಮಾಡಿ 28 ದಿನ ತಗೊಳ್ಳಬೇಕು.

ಎಷ್ಟು ಬ್ಯುಸಿ ಇದ್ದರೂ ಇನ್ಸಿಡೆಂಟ್ ರಿಜಿಸ್ಟರಿನಲ್ಲಿ ಬರೆಸಿ, ಅವತ್ತೇ ಬೇಸ್‌ಲೈನ್ ರಕ್ತ ಪರೀಕ್ಷೆ ಮಾಡಿಸಿ. ಆಸ್ಪತ್ರೆ, ಲ್ಯಾಬ್ ಕೆಲಸದಲ್ಲಿ ತಗಲುವ ಸೋಂಕು ರೋಗಗಳು ಇಎಸ್‌ಐನ ಮೂರನೇ ಪರಿಶಿಷ್ಟದಲ್ಲಿ ಔದ್ಯೋಗಿಕ ಕಾಯಿಲೆ ಅಂತಲೇ ಇವೆ. ಮುಂದೆ ಒಂದು ದಿನ ಲಿವರ್ ಹಾಳಾದರೆ ಅದು ಕೆಲಸದಿಂದ ಬಂದದ್ದು ಅಂತ ತೋರಿಸಲು ಇರೋದು ಆ ಒಂದು ಸಾಲು ಮಾತ್ರ. "ಬರೆಸಿದರೆ ಇನ್‌ಚಾರ್ಜ್ ಬೈತಾರೆ" ಅಂತ ಹೊಸ ಹುಡುಗಿಯರು ಸುಮ್ಮನಾಗ್ತಾರೆ. ಬೈದರೆ ಬೈಯಲಿ ಮಾರಾಯ್ರೆ, ಬರೆಸಿ.

ಆಶಾ ಕಾರ್ಯಕರ್ತೆ, ಸಾಗರ ತಾಲ್ಲೂಕು:
ನಮ್ಮಂಥವರ ವಿಷಯ ಸ್ವಲ್ಪ ಹೇಳ್ತೀನಿ. ನಮಗೆ ಸಂಬಳ ಅಂತ ಇಲ್ಲ, ಗೌರವಧನ, ಪಿಎಫ್ ಇಲ್ಲ. 1957ರಲ್ಲಿ ಕ್ಯಾಸನೂರು ಕಾಡಲ್ಲಿ ಮಂಗನ ಕಾಯಿಲೆ ಮೊದಲು ಕಂಡಿದ್ದು ನಮ್ಮ ಜಿಲ್ಲೇಲೇ. 2019ರಲ್ಲಿ ಅರಳಗೋಡು ಕಡೆ ಎಷ್ಟು ಜನ ಹೋದರು ಅಂತ ನಮಗೆ ಗೊತ್ತು. ಬೇಸಿಗೆ ಬಂತು ಅಂದರೆ ಜ್ವರ ಇರೋ ಮನೆ ಹುಡುಕಿಕೊಂಡು ತೋಟ, ಕಾಡು ದಾಟಿ ಹೋಗೋದು ನಾವೇ. ಉಣ್ಣಿ ಹತ್ತದ ದಿನ ಇಲ್ಲ.

2018ರಲ್ಲಿ ಆಶಾಗಳನ್ನ ಪ್ರಧಾನಮಂತ್ರಿ ಜೀವನ ಜ್ಯೋತಿ, ಸುರಕ್ಷಾ ಬಿಮಾ ಎರಡಕ್ಕೂ ಸೇರಿಸಿ ಕಂತು ಕೇಂದ್ರವೇ ಕಟ್ಟೋದು ಅಂತ ತೀರ್ಮಾನ ಆಯ್ತು. ಹೆಸರು ಸೇರಿದೆಯಾ ಇಲ್ವಾ ಅಂತ ಬ್ಯಾಂಕಿಗೆ ಹೋಗಿ ಕೇಳಿ. ನಾನು ಕೇಳಿದಾಗ ಇರಲಿಲ್ಲ. ಆಮೇಲೆ ನಾನೇ ಫಾರಂ ತುಂಬಿದೆ. ಜೀವನ ಜ್ಯೋತಿಗೆ ವರ್ಷಕ್ಕೆ 436 ರೂಪಾಯಿ, ಯಾವ ಕಾರಣಕ್ಕೆ ಸತ್ತರೂ 2 ಲಕ್ಷ. ಸುರಕ್ಷಾಕ್ಕೆ 20 ರೂಪಾಯಿ, ಅಪಘಾತಕ್ಕೆ 2 ಲಕ್ಷ. ಜೀವನ ಜ್ಯೋತಿಗೆ 50 ವರ್ಷದೊಳಗೆ ಸೇರಬೇಕು. ಸೇರಿ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಸಾವಿಗೆ ಸಿಗಲ್ಲ.

ಮೇ ಕೊನೇ ವಾರ ಖಾತೆಯಲ್ಲಿ 500 ರೂಪಾಯಿ ಬಿಟ್ಟಿರಿ. ವರ್ಷ ಶುರುವಾಗೋದು ಜೂನ್ 1ಕ್ಕೆ. ನಮ್ಮ ಪಕ್ಕದ ಊರಿನ ಆಶಾ ಖಾತೆಯಲ್ಲಿ ಅವತ್ತು 310 ರೂಪಾಯಿ ಇತ್ತಂತೆ, ಕಂತು ಕಟ್ ಆಗಲಿಲ್ಲ, ಅವರಿಗೆ ಗೊತ್ತೂ ಆಗಲಿಲ್ಲ. ಆಗಸ್ಟಲ್ಲಿ ಹೋಗಿಬಿಟ್ಟರು. ಬರೀ 126 ರೂಪಾಯಿ ಕಡಿಮೆ ಇತ್ತು.

ಕಾಯುತ್ತಿದ್ದ ಮನೆ:
ನಾನು ಆಸ್ಪತ್ರೆಯವನಲ್ಲ. ನನ್ನ ಹೆಂಡತಿ ಆಯಾ ಆಗಿದ್ದಳು, ಹೊರಗುತ್ತಿಗೆ ಏಜೆನ್ಸಿ ಮೂಲಕ. 2021ರ ಮೇ ತಿಂಗಳಲ್ಲಿ ಕೋವಿಡ್ ವಾರ್ಡಿನಲ್ಲಿ ಕೆಲಸ ಮಾಡಿ ಅದರಲ್ಲೇ ಹೋದಳು. ಇಲ್ಲಿ ಬರೆದದ್ದನ್ನೆಲ್ಲ ನಿನ್ನೆಯಿಂದ ಓದುತ್ತಾ ಇದ್ದೇನೆ.

ಆಗ ಆರೋಗ್ಯ ಸಿಬ್ಬಂದಿಗೆ 50 ಲಕ್ಷದ ವಿಮೆ ಇತ್ತು. 2020ರ ಮಾರ್ಚ್ 30ರಿಂದ ಕೇಂದ್ರ ಸರ್ಕಾರ ಮಾಡಿದ್ದು, ಗರೀಬ್ ಕಲ್ಯಾಣ್ ಪ್ಯಾಕೇಜಿನಲ್ಲಿ. ಡಾಕ್ಟರು, ನರ್ಸು ಮಾತ್ರ ಅಲ್ಲ, ಗುತ್ತಿಗೆಯವರು, ದಿನಗೂಲಿಯವರು, ಹೊರಗುತ್ತಿಗೆಯವರು, ಆಶಾಗಳು ಎಲ್ಲರೂ ಅದರಲ್ಲಿ ಬರುತ್ತಿದ್ದರು. ನನಗೆ ಅದು ತಿಳಿದದ್ದೇ ತಿಥಿ ಮುಗಿದ ಮೇಲೆ.

ಎರಡು ಕಾಗದ ಕೇಳಿದರು. ಒಂದು ಪಾಸಿಟಿವ್ ರಿಪೋರ್ಟು, ಅದು ಇತ್ತು. ಇನ್ನೊಂದು ಅವಳು ಕೋವಿಡ್ ರೋಗಿಗಳ ಹತ್ತಿರ ಕೆಲಸ ಮಾಡಿದ್ದಳು ಅನ್ನೋ ದೃಢೀಕರಣ. ಆಸ್ಪತ್ರೆಯವರು "ಅವಳು ನಮ್ಮ ನೌಕರಳಲ್ಲ, ಏಜೆನ್ಸಿ ಕೇಳಿ" ಅಂದರು. ಏಜೆನ್ಸಿಯವರು "ನಾವು ಜನ ಕಳಿಸಿದ್ದೇವೆ, ಯಾವ ವಾರ್ಡಿಗೆ ಹಾಕಿದರೋ ನಮಗೇನು ಗೊತ್ತು" ಅಂದರು. ಏಳು ತಿಂಗಳು ಹೀಗೇ ಹೋಯಿತು. ಎಷ್ಟು ಸಲ ಬಸ್ಸು ಹತ್ತಿದೆನೋ ಲೆಕ್ಕ ಇಲ್ಲ.

ಕೊನೆಗೆ ಆ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ವರ್ಗಾವಣೆಯಾಗಿ ಹೋಗಿದ್ದ ಊರು ಹುಡುಕಿಕೊಂಡು ಹೋದೆ. ಅವರು ನನ್ನ ಕೂರಿಸಿ ಕಾಫಿ ಕೊಟ್ಟರು. "ಅಣ್ಣ, ನಾನು ದಿನಾ ಪಾಳಿ ಪುಸ್ತಕದಲ್ಲಿ ನರ್ಸ್‌ಗಳ ಹೆಸರಿನ ಕೆಳಗೆ ಆಯಾಗಳ ಹೆಸರೂ ಬರೀತಿದ್ದೆ, ಪುಸ್ತಕ ಅಲ್ಲೇ ಇರುತ್ತೆ" ಅಂದರು. ಆಯಾಗಳ ಹೆಸರು ಬರೆಯಬೇಕು ಅಂತ ಯಾರೂ ಅವರಿಗೆ ಹೇಳಿರಲಿಲ್ಲವಂತೆ. ಊಟದ ಲೆಕ್ಕಕ್ಕೆ ಬೇಕು ಅಂತ ಬರೆದಿದ್ದು. ರಜೆ ಹಾಕಿ ನನ್ನ ಜೊತೆ ಬಂದು ಸ್ಟೋರಿನಿಂದ ಆ ಪುಸ್ತಕ ತೆಗೆಸಿದರು. ಹನ್ನೊಂದು ದಿನ ಅವಳ ಹೆಸರು ಇತ್ತು, ಅವರ ಕೈಬರಹದಲ್ಲಿ. ಆ ಹಾಳೆಗಳ ಮೇಲೆ ದೃಢೀಕರಣ ಆಯ್ತು, ಹಣ ಬಂತು. ಇಬ್ಬರು ಹೆಣ್ಣುಮಕ್ಕಳು ಓದುತ್ತಾ ಇದ್ದಾರೆ. ದೊಡ್ಡವಳು ನರ್ಸಿಂಗ್ ಸೇರಿದ್ದಾಳೆ.

ನಿಮ್ಮಲ್ಲಿ ಇನ್‌ಚಾರ್ಜ್ ಇರೋರು ದಯವಿಟ್ಟು ಎಲ್ಲರ ಹೆಸರೂ ಬರೆಯಿರಿ. ಗುಡಿಸುವವರದೂ.

ನಿವೃತ್ತ ಸೂಪರಿಂಟೆಂಡೆಂಟ್ ಅಕ್ಕ, ಧಾರವಾಡ:
ಅಣ್ಣಾರ, ಓದಿ ಕಣ್ಣಾಗ ನೀರು ಬಂತು. ಆ ಸಿಸ್ಟರಿಗೆ ನನ್ನ ನಮಸ್ಕಾರ ತಿಳಸ್ರಿ. ನಿಮ್ಮ ಮಗಳಿಗೆ ಪುಸ್ತಕ, ಯೂನಿಫಾರಂ ಏನರ ಬೇಕಾದ್ರ ನನಗ ಮೆಸೇಜ್ ಮಾಡ್ರಿ.

ಇಂಗ್ಲೆಂಡಿನಿಂದ ಮಂಡ್ಯದವನು:
ಹೊರದೇಶಕ್ಕೆ ಹೊರಟಿರೋ ತಮ್ಮ ತಂಗಿಯರು ಇದ್ದರೆ ಒಂದು ವಿಷಯ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಎನ್‌ಎಚ್‌ಎಸ್ ಪೆನ್ಷನ್ ಅಂತ ಸಂಬಳದಲ್ಲಿ ಕಟ್ ಆಗುತ್ತೆ. ಊರಿನ ಸಾಲ ತೀರಿಸಬೇಕು, ಇಲ್ಲೇ ಎಷ್ಟು ವರ್ಷ ಇರ್ತೀವೋ ಅಂತ ಬಹಳ ಜನ ಮೊದಲ ತಿಂಗಳೇ ಅದರಿಂದ ಹೊರಗೆ ಬರ್ತಾರೆ. ಸೇವೆಯಲ್ಲಿದ್ದಾಗ ಸತ್ತರೆ ಸುಮಾರು ಎರಡು ವರ್ಷದ ಸಂಬಳದಷ್ಟು ಹಣ ಮನೆಗೆ ಕೊಡೋದು ಇದೇ ಪೆನ್ಷನ್. ಹೊರಗೆ ಬಂದರೆ ಆ ರಕ್ಷಣೆ ಹೋಯ್ತು. ನಾನೂ ಹೊರಗೆ ಬಂದಿದ್ದೆ, ಒಬ್ಬ ಗೆಳೆಯ ಹಾರ್ಟ್ ಅಟ್ಯಾಕಲ್ಲಿ ಹೋದ ಮೇಲೆ ಮತ್ತೆ ಸೇರಿದೆ. ಭಾರತದಲ್ಲಿ ಟರ್ಮ್ ಮಾಡಿಸಿ ಬಂದಿದ್ದರೆ ಅದನ್ನೂ ನಿಲ್ಲಿಸಬೇಡಿ, ವಿಳಾಸ ಬದಲಾಗಿದ್ದನ್ನ ಕಂಪನಿಗೆ ತಿಳಿಸಿ.

ಪಿಎಫ್ ಕೆಲಸದವನು, ದಾವಣಗೆರೆ:
ಹೊಸದುರ್ಗದ ಸಿಸ್ಟರ್‌ಗೆ ಇನ್ನೊಂದು. ನಿಮ್ಮ ಯಜಮಾನರಿಗೂ ವಿಮೆ ಬೇಕು, ಆಟೋ ಓಡಿಸುವವರು. ಅವರ ಪಾಲಿಸಿಯನ್ನ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಮಾಡಿಸಿ, ಅರ್ಜಿ ಹಾಕುವಾಗಲೇ ಹೇಳಬೇಕು, ಆಮೇಲೆ ಆಗಲ್ಲ. ಹಾಗೆ ಮಾಡಿದರೆ ಆ ಹಣ ಹೆಂಡತಿ ಮಕ್ಕಳದ್ದು, ಸಾಲಗಾರರು ಅದಕ್ಕೆ ಕೈ ಹಾಕೋ ಹಾಗಿಲ್ಲ. ನಿಮ್ಮ ಪಾಲಿಸಿಗೆ ಮಗಳನ್ನ ನಾಮಿನಿ ಮಾಡೋದಾದರೆ ಅವಳಿಗೆ 18 ಆಗುವವರೆಗೆ ಹಣ ಪಡೆಯೋಕೆ ಒಬ್ಬರು ಅಪಾಯಿಂಟಿ ಬೇಕು. ಯಾರು ಅಂತ ಚೆನ್ನಾಗಿ ಯೋಚಿಸಿ ಬರೆಯಿರಿ.

ಹೊಸದುರ್ಗದ ಸಿಸ್ಟರ್:
ಹದಿನೈದು ದಿನ ಆದಮೇಲೆ ಬರೀತಿದ್ದೀನಿ, ಕ್ಷಮಿಸಿ, ಡೆಂಗಿ ಕೇಸು ತುಂಬಿಬಿಟ್ಟಿದೆ.

ಭಾನುವಾರ ಸಹಿ ಹಾಕಲಿಲ್ಲ. ಭಾವ ಸ್ವಲ್ಪ ಬೇಜಾರು ಮಾಡಿಕೊಂಡರು. ಹಾಸನದ ಸರ್ ಹೇಳಿದ ಹಾಗೆ "ಟರ್ಮ್ ನೀವೇ ಮಾಡಿಕೊಡಿ" ಅಂದೆ. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು. 25 ಲಕ್ಷಕ್ಕೆ ಅರ್ಜಿ ಹಾಕಿದ್ದೀವಿ. ಸೂಜಿ ಚುಚ್ಚಿದ್ದನ್ನ ಬರೆದು, ಮೂರು ರಿಪೋರ್ಟೂ ಲಗತ್ತಿಸಿದ್ದೀನಿ. ನಾಮಿನಿ ಮಗಳು, ಅಪಾಯಿಂಟಿ ನನ್ನ ತಂಗಿ. ಯಜಮಾನರೇ ಹಾಗೆ ಬರೆಸು ಅಂದರು. ಅವರದ್ದು ಮುಂದಿನ ತಿಂಗಳು ಮಾಡಿಸ್ತೀವಿ.

ಗೆಳತಿ ಮನೆ ವಿಷಯ: ನಾವು ಮೂರು ಜನ ಹಳೇ ಸ್ಟಾಫ್ ಆಸ್ಪತ್ರೆಗೆ ಹೋಗಿದ್ದೆವು. ಮೊದಲು ರೋಸ್ಟರ್ ಕೊಡಲ್ಲ ಅಂದರು. ಆಮೇಲೆ ನಮ್ಮ ಹಳೇ ಇನ್‌ಚಾರ್ಜ್ ಮೇಡಂ ಒಳಗೆ ಹೋಗಿ ಮಾತಾಡಿ ಪ್ರತಿಗೆ ಸೀಲು ಹಾಕಿಸಿ ತಂದರು. ಪಂಚ್ ಔಟ್ 8:12 ಅಂತ ಇದೆ. ಎಫ್‌ಐಆರ್‌ನಲ್ಲಿ ಅಪಘಾತದ ಹೊತ್ತು 8:35. ಮೂರೂ ಫಾರಂ ಒಟ್ಟಿಗೆ ಕೊಟ್ಟಾಯ್ತು. ಇಎಸ್‌ಐ ಕಚೇರಿಯವರು ಅಪಘಾತ ವರದಿ ಆಸ್ಪತ್ರೆಯಿಂದ ಇನ್ನೂ ಬಂದಿಲ್ಲ ಅಂದಿದ್ದಾರೆ. ಸೋಮವಾರ ನನ್ನ ವೀಕ್ಲಿ ಆಫ್, ಅವತ್ತು ಮತ್ತೆ ಹೋಗ್ತೀವಿ. ದಾವಣಗೆರೆ ಸರ್, ವರದಿ ಕೊಡಲ್ಲ ಅಂದರೆ ಯಾರ ಹತ್ತಿರ ಹೋಗಬೇಕು?

ಪಿಎಫ್ ಕೆಲಸದವನು, ದಾವಣಗೆರೆ:
ಇಎಸ್‌ಐ ಶಾಖಾ ವ್ಯವಸ್ಥಾಪಕರಿಗೇ ಮನೆಯವರು ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಲಿ. ಅವರು ಆಸ್ಪತ್ರೆಯಿಂದ ತರಿಸಿಕೊಳ್ತಾರೆ. ರೋಸ್ಟರ್, ಪಂಚ್, ಎಫ್‌ಐಆರ್ ಮೂರರ ಪ್ರತಿಯನ್ನೂ ಅರ್ಜಿ ಜೊತೆಗೇ ಕೊಡಿ. ಸೋಮವಾರ ನಾನೂ ಚಿತ್ರದುರ್ಗದಲ್ಲಿರ್ತೀನಿ, ಹನ್ನೊಂದು ಗಂಟೆಗೆ ಕಚೇರಿ ಹತ್ತಿರ ಬನ್ನಿ.